ಏಳನೆಯ ತರಗತಿಯ ಮಗಳನ್ನು ವಿಶ್ವವಿದ್ಯಾಲಯದ ಭೂವಿಜ್ಞಾನ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಬಹುದೇ? ಡೈನೊಸಾರ್ ಇರುತ್ತದೆಯೇ?

ಧಾರಾಳವಾಗಿ ಹೋಗಿ. ಆದರೆ ಡೈನೊಸಾರ್ ಆಸೆಯನ್ನು ಮನೆಯಲ್ಲೇ ಬಿಡಿಸಿ. ದಕ್ಷಿಣ ಕರ್ನಾಟಕದ ಬಂಡೆಗಳಲ್ಲಿ ಬಹುಪಾಲು 250 ಕೋಟಿ ವರ್ಷಗಳಿಗೂ ಹಳೆಯವು. ಪ್ರಾಣಿಗಳು ಕಾಣಿಸಿಕೊಂಡದ್ದು ಸುಮಾರು 60 ಕೋಟಿ ವರ್ಷಗಳ ಹಿಂದೆ. ಇಲ್ಲಿನ ಕಲ್ಲಿನಲ್ಲಿ ಮೂಳೆ ಎಲ್ಲಿಂದ ಬರಬೇಕು? ಗಾಜಿನ ಪೆಟ್ಟಿಗೆಯಲ್ಲಿ ಅಮೋನೈಟ್ ಎಂಬ ಸುರುಳಿ ಚಿಪ್ಪಿನ ಕಡಲಜೀವಿಯ ಪಳೆಯುಳಿಕೆ ಕಂಡರೆ ಅದು ತಮಿಳುನಾಡಿನ ಅರಿಯಲೂರಿನಿಂದಲೋ ಕಛ್‌ನಿಂದಲೋ ಬಂದ ಅತಿಥಿ ಎಂದುಕೊಳ್ಳಿ.

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಭೂವಿಜ್ಞಾನ ವಿಭಾಗದಂಥ ಕಡೆ ಕಲ್ಲುಗಳನ್ನು ಕೂಡಿಡುವುದು ಪಾಠಕ್ಕಾಗಿ, ಪ್ರವಾಸಿಗರಿಗಾಗಿ ಅಲ್ಲ. ವಿಭಾಗದ ಮುಖ್ಯಸ್ಥರಿಗೆ ಮೊದಲೇ ಬರೆದು, ಕೆಲಸದ ದಿನ ನೋಡಿ ಹೋಗಿ. ಸಂಶೋಧನಾ ವಿದ್ಯಾರ್ಥಿಯೊಬ್ಬರು ಜೊತೆಗೆ ಬಂದರೆ ನಿಮ್ಮ ಪುಣ್ಯ. ಇಂಥ ಕಡೆ ಚೀಟಿಗಳಲ್ಲಿ ಸಾಮಾನ್ಯವಾಗಿ ಕಲ್ಲಿನ ಹೆಸರು, ಸಿಕ್ಕ ಊರು ಇಷ್ಟೇ ಇರುತ್ತದೆ.

ಮಿನುಗುವ ಹರಳುಗಳ ಮುಂದೆ ಎಲ್ಲರೂ ನಿಲ್ಲುತ್ತಾರೆ. ನನ್ನ ಮಟ್ಟಿಗೆ ಸೊಗಸೆಲ್ಲ ಮಂಕು ಬಣ್ಣದ ಅದಿರುಗಳಲ್ಲಿದೆ. ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ತುಂಡೊಂದನ್ನು ಮಗಳ ಕೈಗೆ ಕೊಡಿಸಿ. ಅದೇ ಗಾತ್ರದ ಗ್ರಾನೈಟ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು ತೂಕ! ನೋಡಲು ಬೂದುಗಪ್ಪಾದರೂ, ಮೆರುಗಿಲ್ಲದ ಪಿಂಗಾಣಿಯ ಮೇಲೆ ಗೀಚಿದರೆ ಕೆಂಗಂದು ಗೆರೆ ಬೀಳುತ್ತದೆ. ಅದರಂತೆಯೇ ಕಾಣುವ ಇನ್ನೊಂದು ಕಬ್ಬಿಣದ ಅದಿರು ಮ್ಯಾಗ್ನೆಟೈಟ್ ಕಪ್ಪು ಗೆರೆ ಬಿಡುತ್ತದೆ, ಅಯಸ್ಕಾಂತಕ್ಕೂ ಸಿಕ್ಕಿಕೊಳ್ಳುತ್ತದೆ. ಸಂಡೂರಿನ ಗಣಿಗಳ ಸುದ್ದಿಯನ್ನು ವರ್ಷಗಟ್ಟಲೆ ಓದಿದ ನಾವು ಆ ಅದಿರನ್ನು ಒಮ್ಮೆಯಾದರೂ ಮುಟ್ಟಿ ನೋಡಬೇಡವೇ? ಬಳಪದ ಕಲ್ಲಿದ್ದರೆ ಉಗುರಿನಿಂದಲೇ ಗೀರಬಹುದು, ಕೇಳಿಕೊಂಡು. ಬೇಲೂರು, ಹಳೇಬೀಡುಗಳ ಕುಸುರಿ ಕೆತ್ತನೆ ಸಾಧ್ಯವಾದದ್ದಕ್ಕೆ ಈ ಜಾತಿಯ ಮೆದು ಕಲ್ಲೂ ಒಂದು ಕಾರಣ. ಕೋಲಾರದ ಅದಿರು ಕಂಡರೆ ಹಳದಿ ಹೊಳಪಿಗೆ ಮರುಳಾಗಬೇಡಿ. ಹೊಳೆಯುವುದು ಬಹುಮಟ್ಟಿಗೆ ಪೈರೈಟ್‌ನಂಥ, ಕಬ್ಬಿಣ ಗಂಧಕ ಬೆರೆತ ಖನಿಜ. ಚಿನ್ನ ಸಾಮಾನ್ಯವಾಗಿ ಬರಿಗಣ್ಣಿಗೆ ಕಾಣುವುದಿಲ್ಲ.

ಅದೇ ದಿನ ಬೆಳಿಗ್ಗೆ ಲಾಲ್‌ಬಾಗ್ ಬಂಡೆ ಹತ್ತಿ ಹೋದರೆ ಇನ್ನೂ ಒಳ್ಳೆಯದು. ಕೆಂಪೇಗೌಡ ಗೋಪುರದ ಕೆಳಗಿರುವುದು ಸುಮಾರು 300 ಕೋಟಿ ವರ್ಷ ಹಳೆಯ, ನೈಸ್ ಎಂಬ ಪಟ್ಟೆ ಪಟ್ಟೆ ಶಿಲೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ 1916ರಲ್ಲಿ ಈ ಬಗೆಯ ಶಿಲೆಗಳನ್ನು ಪೆನಿನ್ಸುಲರ್ ನೈಸ್ ಎಂದು ಕರೆದರು. ಕಪ್ಪು ಬಿಳುಪು ಪಟ್ಟೆಗಳನ್ನು ಅಲ್ಲಿ ಮಗಳಿಗೆ ತೋರಿಸಿದ್ದರೆ, ಸಂಗ್ರಹಾಲಯದಲ್ಲಿ ಅದೇ ಕಲ್ಲನ್ನು ಅವಳೇ ಹುಡುಕುತ್ತಾಳೆ. ಜನ ಅದರ ಮೇಲೆ ಕುಳಿತು ಕಡಲೆಕಾಯಿ ಸಿಪ್ಪೆ ಉದುರಿಸುತ್ತಾರೆ, ಅದು ಬೇರೆ ಮಾತು.

ಭೂತಗನ್ನಡಿ, ಪುಟ್ಟ ಅಯಸ್ಕಾಂತ ಜೊತೆಗಿರಲಿ. ಸುತ್ತಿಗೆ ಬೇಡ, ಲಾಲ್‌ಬಾಗ್ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.