ಝೋವಾ ನಡುವಿನ ಬಿಳಿ ಕೊಳವೆ, ಕಂದು ಹೂ: ಕೀಳುವ ಮೊದಲು ಗುರುತು ಹಿಡಿಯುವುದು ಹೇಗೆ?

ಉಪ್ಪುನೀರಿನ ಅಕ್ವೇರಿಯಂನಲ್ಲಿ ಸಾಕುವ ಝೋವಾ (ಗುಂಪಾಗಿ ಬೆಳೆಯುವ, ಹವಳದ ಬಳಗದ ಜೀವಿ) ಗೊಂಚಲಿನ ನಡುವೆ ಬಿಳಿ ಕೊಳವೆಗಳು, ಪಕ್ಕದಲ್ಲಿ ಕಂದು ಹೂವಿನಂಥದ್ದು ಎದ್ದಿವೆ, ಝೋವಾದ ಪಾಲಿಪ್‌ಗಳು (ಹೂವಿನಂತೆ ತೆರೆಯುವ ಒಂದೊಂದು ಜೀವಿ) ಅರ್ಧ ಮುಚ್ಚಿವೆ, ಕಿತ್ತು ಹಾಕಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಏನೂ ಕೀಳಬ್ಯಾಡ್ರಿ. ಆ ಕಂದು ಹೂ ಐಪ್ಟೇಸಿಯಾ (ಪೀಡೆಯಾಗಿ ಹರಡುವ ಕಡಲ ಅನಿಮೋನ್) ಆಗಿದ್ದರೆ ಹರಿದು ಉಳಿದ ಚೂರಿನಿಂದಲೇ ಮತ್ತೆ ಬೆಳೆಯುತ್ತದೆ.

ನೀಲಿ ಎಲ್‌ಇಡಿ ಕೆಳಗೆ ಬಣ್ಣ ನಂಬಬ್ಯಾಡ್ರಿ. ಬಿಳಿ ಬೆಳಕು ಹಾಕಿ, ಪಂಪ್ ನಿಲ್ಲಿಸಿ, ಸಿರಿಂಜಿಗೆ ಸಿಕ್ಕಿಸಿದ ಸಣ್ಣ ಪೈಪಿನ ತುದಿಯಿಂದ ಮೆತ್ತಗೆ ಮುಟ್ಟಿ ನೋಡ್ರಿ. ಉದ್ದ ದಂಟು, ಚೂಪು ತುದಿಯ ಅರೆಪಾರದರ್ಶಕ ಎಳೆಗಳಿದ್ದು, ಮುಟ್ಟಿದ ಕೂಡಲೇ ಕಲ್ಲಿನ ತೂತಿಗೆ ಸರ್ರನೆ ಇಳಿದರೆ ಅದು ಐಪ್ಟೇಸಿಯಾ. ಎಳೆಗಳ ತುದಿ ಗುಂಡಗೆ, ಮೈ ಗಿಡ್ಡಗೆ ಇದ್ದರೆ ಮಜಾನೊ, ಅದೂ ಒಂದು ಪೀಡೆ ಅನಿಮೋನ್.

ಕೊಳವೆಗೆ ಇನ್ನೊಂದು ಪರೀಕ್ಷೆ. ಪಂಪ್ ನಿಂತಿರುವಾಗಲೇ ಮೀನಿನ ಆಹಾರದ ಪುಡಿ ಒಂದು ಚಿಟಿಕೆ ಬಿಟ್ಟು ಕೆಲ ನಿಮಿಷ ಕಾಯ್ರಿ. ಬಾಯಿಂದ ಜೇಡರ ಬಲೆಯಂಥ ಲೋಳೆ ಎಳೆ ಹೊರಬಂದರೆ ಅದು ವರ್ಮೆಟಿಡ್ ಬಸವನಹುಳು. ಪಾಲಿಪ್ ಮುಚ್ಚುವುದಕ್ಕೆ ಆ ಲೋಳೆಯೇ ಸಾಕು. ಪುಟ್ಟ ಗರಿ ಹೊರಬಂದು ನೆರಳು ಬಿದ್ದರೆ ಒಳಗೆ ಸರಿಯುವುದು ಗರಿಹುಳು, ಅದು ನಿರಪಾಯಕಾರಿ. ಎರಡು-ಮೂರು ಮಿಲಿಮೀಟರಿನ ಚಪ್ಪಟೆ ಸುರುಳಿ ಸ್ಪೈರಾರ್ಬಿಡ್ ಎಂಬ ಸಣ್ಣ ಹುಳು. ಅದನ್ನೂ ಬಿಟ್ಟುಬಿಡ್ರಿ.

ವರ್ಮೆಟಿಡ್ ಕೊಳವೆಯನ್ನು ಬುಡದಲ್ಲಿ ಮುರಿದು ಬಾಯಿಗೆ ಸೂಪರ್ ಗ್ಲೂ ಜೆಲ್ ಒತ್ತಬೇಕು. ಐಪ್ಟೇಸಿಯಾಕ್ಕೆ ಲ್ಯಾಬ್ ದರ್ಜೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು (ಶುದ್ಧ ಸುಣ್ಣ) ಆರ್‌ಒ ನೀರಲ್ಲಿ ಪೇಸ್ಟ್ ಮಾಡಿ, 1 ಮಿಲಿ ಸಿರಿಂಜಿನಿಂದ ಬಾಯಿ ಮುಚ್ಚುವಷ್ಟು ಹಾಕಿ, 15 ನಿಮಿಷ ಪಂಪ್ ಬಂದ್ ಇಡ್ರಿ. ಎಲೆ-ಅಡಿಕೆಯ ಡಬ್ಬಿ ಸುಣ್ಣ ಬ್ಯಾಡ, ಅದರಲ್ಲಿ ಏನೇನು ಕಲಸಿರುತ್ತಾರೋ ತಿಳಿಯದು. 100 ಲೀಟರ್ ಟ್ಯಾಂಕಿನಲ್ಲಿ ಒಂದು ಸಲಕ್ಕೆ ಮೂರು-ನಾಲ್ಕು ಐಪ್ಟೇಸಿಯಾಕ್ಕೆ ಹಾಕಿದರೆ ಸಾಕು, ಹೆಚ್ಚಾದರೆ ಪಿಎಚ್ ಏರುತ್ತದೆ. ಪೇಸ್ಟ್ ತಗುಲಿದರೆ ಝೋವಾ ಕೂಡ ಸುಡುತ್ತದೆ. ಐಪ್ಟೇಸಿಯಾ ತಿನ್ನಲೆಂದು ಪೆಪ್ಪರ್‌ಮಿಂಟ್ ಸಿಗಡಿ ತರುವುದಾದರೆ ಬೆನ್ನು ನೋಡಿ ತರ್ರಿ. ಗೂನು ಬೆನ್ನು, ಮೈಮೇಲೆ ಬಿಳಿ ಪಟ್ಟಿ ಇರುವುದು ಕ್ಯಾಮೆಲ್ ಸಿಗಡಿ. ಅದು ಝೋವಾವನ್ನೇ ತಿಂದೀತು.

ಇದನ್ನು ಹಗುರವಾಗಿ ತೆಗೆದುಕೊಳ್ಳಬ್ಯಾಡ್ರಿ: ಝೋವಾದಲ್ಲಿ ಪ್ಯಾಲಿಟಾಕ್ಸಿನ್ ಎಂಬ ಕಟು ವಿಷ ಇರಬಹುದು. ಕೈಗವಸು, ಕನ್ನಡಕ ಇಲ್ಲದೆ ಕೆಲಸ ಬ್ಯಾಡ. ಕೀಟ ಸಾಯಲಿ ಎಂದು ಆ ಕಲ್ಲನ್ನು ಎಂದೂ ಕುದಿಸಬ್ಯಾಡ್ರಿ, ಬಿಸಿನೀರೂ ಸುರಿಯಬ್ಯಾಡ್ರಿ. ಆವಿ ಉಸಿರಿಗೆ ಹೋದರೆ ಜೀವಕ್ಕೇ ಅಪಾಯ. ಬಾಯಿ ಜೋಮು, ಲೋಹದ ರುಚಿ, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ವಿಷದ ಹೆಸರು ಹೇಳ್ರಿ.

ಇವೆಲ್ಲ ಹೋದ ಮೇಲೂ ಪಾಲಿಪ್ ತೆರೆಯದಿದ್ದರೆ, ದೀಪ ಆರಿ ಎರಡು ತಾಸಿನ ಮೇಲೆ ಕೆಂಪು ಟಾರ್ಚ್ ಹಿಡಿದು ದಂಟಿನ ಬುಡ ನೋಡ್ರಿ. ಝೋವಾ ತಿನ್ನುವ ನ್ಯೂಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಬಸವನಹುಳು) ತಿಂದ ಪಾಲಿಪ್ಪಿನ ಬಣ್ಣವನ್ನೇ ತಾಳುವುದರಿಂದ ಹಗಲು ಕಣ್ಣಿಗೆ ಬೀಳುವುದು ಕಷ್ಟ. ಬಿಳಿ ಸುರುಳಿಯಂಥ ಮೊಟ್ಟೆ ಕಂಡರೆ ಕೆರೆದು ತೆಗೆಯಬೇಕು, ಡಿಪ್ಪಿಗೆ (ಝೋವಾವನ್ನು ಔಷಧಿ ಬೆರೆಸಿದ ನೀರಲ್ಲಿ ಅದ್ದುವುದು) ಮೊಟ್ಟೆ ಸಾಯುವುದಿಲ್ಲ. ಐದಾರು ದಿನಕ್ಕೊಮ್ಮೆ ಮೂರು-ನಾಲ್ಕು ಸಲ ಡಿಪ್ ಮಾಡ್ರಿ.

ಕಲಬುರಗಿ ಬೇಸಿಗೆಯಲ್ಲಿ ನೀರನ್ನೂ ಸಂಶಯಿಸಬೇಕು. 40 ಡಿಗ್ರಿಯ ಒಣಗಾಳಿಗೆ ನೀರು ಬೇಗ ಆರಿ ಉಪ್ಪು ಏರುತ್ತದೆ. ದಿನಾ ಉಪ್ಪಿಲ್ಲದ ಆರ್‌ಒ ನೀರನ್ನಷ್ಟೇ ತುಂಬಿ ಉಪ್ಪುನೀರಿನ ಸಾಪೇಕ್ಷ ಸಾಂದ್ರತೆಯನ್ನು 1.025ಕ್ಕೆ ತನ್ರಿ. ಮನೆಯ ಕುಡಿಯುವ ಆರ್‌ಒ ಮೆಷಿನ್ನಿನಲ್ಲಿ ಮಿನರಲ್ ಕಾರ್ಟ್ರಿಡ್ಜ್ ಇದ್ದರೆ ಅದರ ನೀರು ನಡೆಯುವುದಿಲ್ಲ. ಆರ್‌ಒ ಪೊರೆಯಿಂದ ನೇರ ಬಂದ ನೀರನ್ನು ಡಿಐ ರೆಸಿನ್ (ಉಳಿದ ಲವಣ ಹಿಡಿದಿಡುವ ರಾಳ) ಮೂಲಕ ಹಾಯಿಸಿ ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) ಸೊನ್ನೆಗೆ ಇಳಿಸ್ರಿ.