ನಂಬಿಕೆಗೂ ಗುರಿಗೂ ಹೊಂದುವ ಕ್ಯಾಥೊಲಿಕ್ ವಿಶ್ವವಿದ್ಯಾಲಯವನ್ನು ಆರಿಸಿಕೊಳ್ಳುವುದು ಹೇಗೆ?

ಮೊದಲು ನೀವು ಓದಬೇಕೆಂದಿರುವ ವಿಭಾಗದ ಬೋಧಕರನ್ನೂ ಪದವಿಯ ಮಾನ್ಯತೆಯನ್ನೂ ಪರಿಶೀಲಿಸಿ; ಅಲ್ಲಿ ಕೊರತೆಯಿದ್ದರೆ ಧಾರ್ಮಿಕ ವಾತಾವರಣ ಎಷ್ಟೇ ಚೆನ್ನಾಗಿದ್ದರೂ ಅದನ್ನು ತುಂಬಿಕೊಡಲಾರದು. ಪೋಪ್ ಎರಡನೆಯ ಜಾನ್ ಪಾಲ್ 1990ರಲ್ಲಿ ಹೊರಡಿಸಿದ ‘ಎಕ್ಸ್ ಕೋರ್ದೆ ಎಕ್ಲೇಸಿಯೇ’ ಎಂಬ ಶಾಸನಪತ್ರವು ಇಂಥ ಸಂಸ್ಥೆಗಳ ಕ್ಯಾಥೊಲಿಕ್ ಸ್ವರೂಪವನ್ನು ನಿರೂಪಿಸುವುದರ ಜೊತೆಗೆ ಪ್ರತಿಯೊಬ್ಬರ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಗೌರವಿಸಬೇಕೆಂದೂ ಹೇಳುತ್ತದೆ. ಆದರೆ ಆ ಸ್ವರೂಪ ನಿತ್ಯಜೀವನದಲ್ಲಿ ಎಷ್ಟು ಉಳಿದಿದೆ ಎಂಬುದು ಮಾಹಿತಿ ಪುಸ್ತಿಕೆಯಿಂದ ತಿಳಿಯುವುದಿಲ್ಲ. ಸಾಧ್ಯವಾದರೆ ಭಾನುವಾರವಲ್ಲದ ದಿನವೊಂದರಲ್ಲಿ ಹೋಗಿ, ಅಲ್ಲಿನ ಪ್ರಾರ್ಥನಾಲಯದ ಬಲಿಪೂಜೆಯಲ್ಲಿ (ಮಾಸ್) ಹಿಂದಿನ ಸಾಲಿನಲ್ಲಿ ಕುಳಿತು ಗಮನಿಸಿ: ವಿದ್ಯಾರ್ಥಿಗಳು ತಾವಾಗಿಯೇ ಬರುತ್ತಾರೆಯೇ, ಮುಗಿದ ಮೇಲೆ ಪಾದ್ರಿಗಳೊಡನೆ ನಿಂತು ಮಾತನಾಡುತ್ತಾರೆಯೇ? ನನ್ನ ದೃಷ್ಟಿಯಲ್ಲಿ ಇದಕ್ಕಿಂತ ನಂಬಲರ್ಹವಾದ ಸಾಕ್ಷ್ಯವಿಲ್ಲ. ದೇವಶಾಸ್ತ್ರದ ಎಷ್ಟು ಪತ್ರಿಕೆಗಳು ಕಡ್ಡಾಯ, ವಿದ್ಯಾರ್ಥಿವೇತನ ಎಷ್ಟು ವರ್ಷ ಮುಂದುವರಿಯುತ್ತದೆ ಎಂಬುದನ್ನು ಪ್ರವೇಶ ವಿಭಾಗದಿಂದ ಲಿಖಿತವಾಗಿ ಪಡೆದುಕೊಳ್ಳಿ.