‘ಸೀಡ್’ ಯಾವ ಗಿಡದ ಬೀಜ?

ಬ್ರಿಟಿಷ್ ಶಿಲ್ಪಿ ಪೀಟರ್ ರಾಂಡಲ್-ಪೇಜ್ ಅವರ ‘ಸೀಡ್’ (ಬೀಜ) ಶಿಲ್ಪ ಯಾವ ಗಿಡದ ಬೀಜದ ನಕಲು ಎಂದು ಕೇಳಿದ್ದೀರಿ. ಯಾವುದರದ್ದೂ ಅಲ್ಲ. ಅವರು ಕಲ್ಲಿಗಿಳಿಸಿದ್ದು ಗಿಡ ಬೆಳೆಯುವ ಲೆಕ್ಕವನ್ನು. ಸೂರ್ಯಕಾಂತಿಯ ನಡುವೆ ಒತ್ತಾಗಿರುವ ಕಿರುಹೂವುಗಳಲ್ಲಿ ಪ್ರತಿ ಹೊಸದೂ ಹಿಂದಿನದರಿಂದ ಸುಮಾರು 137.5 ಡಿಗ್ರಿ ತಿರುಗಿ ಮೂಡುತ್ತದೆ. ಹಾಗಾಗಿಯೇ ಸಾಲುಗಳು ಎಡಕ್ಕೂ ಬಲಕ್ಕೂ ಸುರುಳಿ ಸುತ್ತುತ್ತವೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಈಡನ್ ಪ್ರಾಜೆಕ್ಟ್ ಎಂಬ ಸಸ್ಯೋದ್ಯಾನದಲ್ಲಿರುವ, ಸುಮಾರು 70 ಟನ್ ತೂಕದ ಈ ಮೊಟ್ಟೆಯಾಕಾರದ ಗ್ರಾನೈಟಿನ ಮೇಲೆ 1,800ರಷ್ಟು ಉಬ್ಬುಗಳು ಇದೇ ಕ್ರಮದಲ್ಲಿವೆ. ಶಿಲ್ಪದ ಫೋಟೋ ಸಿಕ್ಕರೆ ನೆತ್ತಿಯಿಂದ ಒಂದೇ ಸಾಲನ್ನು ಹಿಡಿದು ಕೆಳಗಿಳಿಯಿರಿ, ತಿರುವು ತಾನಾಗಿ ಕಾಣುತ್ತದೆ. ಮನೆಯಲ್ಲಿ ಅನಾನಸ್ ಇದ್ದರೆ ಕಣ್ಣುಗಳ ಸಾಲು ಎಣಿಸಿ: ಒಂದು ಕಡೆಗೆ 8, ಇನ್ನೊಂದು ಕಡೆಗೆ 13 ಸಿಗುವುದೇ ಹೆಚ್ಚು. ಅಂದಹಾಗೆ, ಶಿಲ್ಪವಿರುವ ಕಟ್ಟಡದ ಮರದ ಚಾವಣಿಯೂ ಇದೇ ಸುರುಳಿಯಲ್ಲಿದೆ. ಹೋದರೆ ತಲೆಯೆತ್ತಿ ನೋಡದೆ ಬರಬೇಡಿ.